ಇಬ್ಬರು ಮಕ್ಕಳ ತಾಯಿ ನಾಲ್ಕು ಚಿನ್ನ ಗೆದ್ದ ಕಥೆ

1948ರ ಲಂಡನ್ ಒಲಿಂಪಿಕ್ಸ್ ಹತ್ತಿರ ಬರುತ್ತಿದ್ದಂತೆ ನೆದರ್ಲೆಂಡ್ಸ್‌ನ ಓಟಗಾರ್ತಿಯೊಬ್ಬರ ಮನೆಗೆ ಸಾಲು ಸಾಲು ಪತ್ರಗಳು ಬರತೊಡಗಿದವು. ಶುಭ ಹಾರೈಸುವ ಪತ್ರಗಳಾಗಿರಲಿಲ್ಲ ಅವು. ಎರಡು ಮಕ್ಕಳ ತಾಯಿ ಚಡ್ಡಿ ಹಾಕಿಕೊಂಡು ಸಾವಿರಾರು ಜನರ ಮುಂದೆ ಓಡುವುದು ಸರಿಯಲ್ಲ, ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಬೇಕು ಎಂದು ಜನ ಬುದ್ಧಿ ಹೇಳಿದ್ದರು. ಆಗ ಆಕೆಗೆ 30 ವರ್ಷ. ಬ್ರಿಟನ್ ಅಥ್ಲೆಟಿಕ್ಸ್ ತಂಡದ ವ್ಯವಸ್ಥಾಪಕರು ಆಕೆಗೆ ವಯಸ್ಸಾಯಿತು, ಇನ್ನು ಗೆಲ್ಲುವುದು ಕಷ್ಟ ಎಂಬ ಅಭಿಪ್ರಾಯವನ್ನು ಬಹಿರಂಗವಾಗಿಯೇ ಹೇಳಿದ್ದರು.

ಆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಇದ್ದದ್ದು ಒಂಬತ್ತು ಅಥ್ಲೆಟಿಕ್ಸ್ ಸ್ಪರ್ಧೆಗಳು. ಅವುಗಳಲ್ಲಿ ನಾಲ್ಕರ ಚಿನ್ನ ಈ ತಾಯಿಯ ಪಾಲಾಯಿತು. ಅವರ ಹೆಸರು ಫ್ಯಾನಿ ಬ್ಲಾಂಕರ್ಸ್-ಕೋಯೆನ್. ಗರ್ಭಿಣಿಯಾದರೆ, ಹೆರಿಗೆಯಾದರೆ ಹೆಣ್ಣಿನ ಓಟ ಮುಗಿಯಿತು ಎಂದು ಜಗತ್ತು ನಂಬಿದ್ದ ಕಾಲದಲ್ಲಿ ಅವರು ತಾಯಿಯಾದ ಮೇಲೆ ಮೊದಲಿಗಿಂತ ವೇಗವಾಗಿ ಓಡಿ ತೋರಿಸಿದರು. ಪೊಲೀಸ್ ಇಲಾಖೆಗೋ ಸಶಸ್ತ್ರ ಪಡೆಗೋ ಸೇರಬೇಕೆಂದು ಬೆಳಗಿನ ಜಾವ ಎದ್ದು ಮೈದಾನಕ್ಕೆ ಹೋಗುವ ನಮ್ಮ ಯುವತಿಯರು, ಅದರಲ್ಲೂ ಮದುವೆಯಾದವರು, ಈ ಬದುಕನ್ನು ಒಮ್ಮೆ ತಿಳಿದುಕೊಳ್ಳಬೇಕು.

ಈಜು ಬಿಟ್ಟು ಓಟಕ್ಕೆ

ಫ್ರಾನ್ಸಿನಾ ಎಲ್ಸ್ಯೆ ಕೋಯೆನ್ ಹುಟ್ಟಿದ್ದು 1918ರ ಏಪ್ರಿಲ್ 26ರಂದು, ನೆದರ್ಲೆಂಡ್ಸ್‌ನ ಲಾಗೆ ವೂರ್ಶೆ ಎಂಬ ಪುಟ್ಟ ಊರಿನಲ್ಲಿ. ತಂದೆ ಸರ್ಕಾರಿ ನೌಕರ. ಗುಂಡು ಎಸೆತ, ಡಿಸ್ಕಸ್ ಎಸೆತದಲ್ಲಿ ಅವರಿಗೂ ಆಸಕ್ತಿಯಿತ್ತು. ಐವರು ಅಣ್ಣತಮ್ಮಂದಿರ ನಡುವೆ ಬೆಳೆದ ಹುಡುಗಿಗೆ ಆಟವೆಂದರೆ ಪ್ರಾಣ. ಟೆನಿಸ್, ಈಜು, ಜಿಮ್ನಾಸ್ಟಿಕ್ಸ್, ಸ್ಕೇಟಿಂಗ್ ಎಲ್ಲದರಲ್ಲೂ ಕೈಯಾಡಿಸಿದರು. ದೇಶದಲ್ಲಿ ಒಳ್ಳೆಯ ಈಜುಗಾರ್ತಿಯರು ಆಗಲೇ ಬಹಳ ಮಂದಿ ಇದ್ದಾರೆ, ನೀನು ಓಟ ಹಿಡಿದರೆ ಒಲಿಂಪಿಕ್ಸ್ ಹಾದಿ ಸುಲಭವಾದೀತು ಎಂದು ಈಜು ತರಬೇತುದಾರರೇ ದಾರಿ ತೋರಿಸಿದರು.

1935ರಲ್ಲಿ, 17ನೆಯ ವಯಸ್ಸಿಗೆ, ಫ್ಯಾನಿ 800 ಮೀಟರ್ ಓಟದಲ್ಲಿ ರಾಷ್ಟ್ರೀಯ ದಾಖಲೆ ಮಾಡಿದರು. ಆದರೆ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ 800 ಮೀಟರ್ ಓಟವೇ ಇರಲಿಲ್ಲ. 1928ರಲ್ಲಿ ಒಮ್ಮೆ ಓಡಿಸಿ, ಇದು ಹೆಣ್ಣಿನ ದೇಹಕ್ಕೆ ಮಿತಿಮೀರಿದ ಶ್ರಮ ಎಂದು ತೀರ್ಮಾನಿಸಿ ಕೈಬಿಟ್ಟಿದ್ದರು. ಮತ್ತೆ ಅದು ಬಂದದ್ದು 1960ರಲ್ಲಿ. ಹೀಗಾಗಿ ಫ್ಯಾನಿ ಕಡಿಮೆ ದೂರದ ಓಟಕ್ಕೂ ಜಿಗಿತಕ್ಕೂ ಹೊರಳಬೇಕಾಯಿತು. ಅವರನ್ನು ತಿದ್ದಿದವರು ಯಾನ್ ಬ್ಲಾಂಕರ್ಸ್. 1928ರ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್ ಸ್ಪರ್ಧಿಯಾಗಿದ್ದ ಯಾನ್, ಕ್ರೀಡಾ ಪತ್ರಕರ್ತರೂ ಹೌದು. ಹೆಣ್ಣುಮಕ್ಕಳಿಗೆ ಸ್ಪರ್ಧೆ ಏಕೆ ಎಂದು ಮೊದಮೊದಲು ಯೋಚಿಸುತ್ತಿದ್ದವರೇ ಮುಂದೆ ಫ್ಯಾನಿಯ ಗುರುವಾದರು, ಆಮೇಲೆ ಗಂಡನೂ ಆದರು.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದಾಗ ಫ್ಯಾನಿಗೆ 18 ವರ್ಷ. ಎತ್ತರ ಜಿಗಿತದಲ್ಲಿ ಐದನೆಯ ಸ್ಥಾನ ಹಂಚಿಕೊಂಡರು, ರಿಲೇಯಲ್ಲೂ ತಂಡ ಐದನೆಯದಾಯಿತು. ಪದಕವಿಲ್ಲದೆ ಮರಳಿದರೂ ಜೆಸ್ಸಿ ಓವೆನ್ಸ್ ಅವರ ಹಸ್ತಾಕ್ಷರವನ್ನು ಜೋಪಾನವಾಗಿ ತಂದರು. 1938ರಲ್ಲಿ ವಿಯೆನ್ನಾದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಕಂಚು ಗೆದ್ದರು. ಅದೇ ವರ್ಷ 100 ಗಜಗಳ ಓಟವನ್ನು 11.0 ಸೆಕೆಂಡುಗಳಲ್ಲಿ ಮುಗಿಸಿದರು. ಮುಂದಿನ ಒಲಿಂಪಿಕ್ಸ್ ತನ್ನದೇ ಎಂದುಕೊಳ್ಳುವಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು.

ಯುದ್ಧ, ಬಾಣಂತನ, ದಾಖಲೆ

1940ರ ಮೇ ತಿಂಗಳಲ್ಲಿ ಜರ್ಮನಿಯ ಸೇನೆ ನೆದರ್ಲೆಂಡ್ಸ್‌ಗೆ ನುಗ್ಗಿತು. ಅದೇ ಆಗಸ್ಟ್‌ನಲ್ಲಿ ಫ್ಯಾನಿ ಮತ್ತು ಯಾನ್ ಮದುವೆಯಾದರು. 1940 ಮತ್ತು 1944ರ ಒಲಿಂಪಿಕ್ಸ್‌ಗಳು ನಡೆಯಲೇ ಇಲ್ಲ. ಓಟಗಾರ್ತಿಯೊಬ್ಬಳ ಬದುಕಿನಲ್ಲಿ 22ರಿಂದ 26ರ ವಯಸ್ಸು ಎಂದರೆ ಏನೆಂದು ಮೈದಾನಕ್ಕೆ ಇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಯೋಮಿತಿ ಮೀರುತ್ತಿರುವಾಗ ನೇಮಕಾತಿಯೇ ಮುಂದಕ್ಕೆ ಹೋಗುತ್ತಿದ್ದರೆ ಹೇಗಿರುತ್ತದೋ ಹಾಗೆ.

ಯುದ್ಧದ ನಡುವೆಯೇ ಮೊದಲ ಮಗ ಹುಟ್ಟಿದ. ಫ್ಯಾನಿಯ ಆಟ ಇಲ್ಲಿಗೆ ಮುಗಿಯಿತು ಎಂದು ಡಚ್ ಪತ್ರಿಕೆಗಳು ಭಾವಿಸಿದವು. ಮದುವೆಯಾದ ಹೆಣ್ಣು ಅಥ್ಲೀಟ್ ಆಗಿ ಉಳಿಯುವುದೇ ಆಗ ಅಪರೂಪ, ತಾಯಿಯಾದವಳು ಓಡುವುದು ಊಹೆಗೂ ಮೀರಿದ ಮಾತು. ಆದರೆ ಗಂಡ ಹೆಂಡತಿ ಇಬ್ಬರ ಲೆಕ್ಕ ಬೇರೆಯೇ ಇತ್ತು. ಹೆರಿಗೆಯಾದ ಕೆಲವು ವಾರಗಳಲ್ಲೇ ಫ್ಯಾನಿ ಮತ್ತೆ ಅಭ್ಯಾಸಕ್ಕೆ ಬಂದರು. ಮಗುವನ್ನೂ ಮೈದಾನಕ್ಕೆ ಕರೆತರುತ್ತಿದ್ದರು.

1943ರಲ್ಲಿ ಎತ್ತರ ಜಿಗಿತದಲ್ಲಿ 1.71 ಮೀಟರ್ ಜಿಗಿದರು. ಹಿಂದಿನ ವಿಶ್ವ ದಾಖಲೆ 1.66 ಮೀಟರ್. ಒಂದೇ ನೆಗೆತಕ್ಕೆ ಐದು ಸೆಂಟಿಮೀಟರ್ ಮೇಲೇರಿದ ಸಾಧನೆ ಅದು. ಅದೇ ವರ್ಷ ಉದ್ದ ಜಿಗಿತದಲ್ಲಿ 6.25 ಮೀಟರ್ ಹಾರಿದರು. ಆ ದಾಖಲೆಯನ್ನು 1954ರವರೆಗೆ ಯಾರೂ ಮುರಿಯಲಿಲ್ಲ. ಇವೆರಡೂ ಆದದ್ದು ತಾಯಿಯಾದ ಮೇಲೆ, ಶತ್ರುಸೇನೆಯ ಹಿಡಿತದಲ್ಲಿದ್ದ ದೇಶದಲ್ಲಿ.

ಯುದ್ಧದ ಕೊನೆಯ ಚಳಿಗಾಲ, ಅಂದರೆ 1944–45ರಲ್ಲಿ, ನೆದರ್ಲೆಂಡ್ಸ್‌ನ ಪಶ್ಚಿಮ ಭಾಗದ ನಗರಗಳಲ್ಲಿ ತಿನ್ನಲು ಅನ್ನವಿಲ್ಲದೆ ಸಾವಿರಾರು ಜನ ಸತ್ತರು. ಹಸಿವಿನ ಚಳಿಗಾಲ ಎಂದೇ ಅದು ಇತಿಹಾಸದಲ್ಲಿ ಹೆಸರಾಗಿದೆ. ಆ ಸಂಕಟ ದಾಟಿದ ಮೇಲೆ ಎರಡನೆಯ ಮಗು ಹುಟ್ಟಿತು. ಈ ಸಲ ಮಗಳು.

ಆ ಮಗಳಿನ್ನೂ ಹಸುಗೂಸಾಗಿದ್ದಾಗಲೇ 1946ರಲ್ಲಿ ಓಸ್ಲೊದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಇಲ್ಲಿ ಫ್ಯಾನಿ ಎಡವಿದರು, ಅಕ್ಷರಶಃ ಎಡವಿದರು. 100 ಮೀಟರ್ ಸೆಮಿಫೈನಲ್‌ನಲ್ಲಿ ಬಿದ್ದರು. ಅದೇ ಹೊತ್ತಿಗೆ ಎತ್ತರ ಜಿಗಿತದ ಫೈನಲ್ ಕೂಡ ಇತ್ತು. ಮೈಯೆಲ್ಲ ತರಚಿಕೊಂಡಿದ್ದ ವಿಶ್ವ ದಾಖಲೆಯ ಒಡತಿ ಅಲ್ಲಿ ನಾಲ್ಕನೆಯವರಾದರು. ಆದರೂ 80 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದರು, ರಿಲೇ ತಂಡಕ್ಕೂ ಚಿನ್ನ ತಂದುಕೊಟ್ಟರು. ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲು ಹೊರಟರೆ ಎರಡೂ ಕೈತಪ್ಪುತ್ತವೆ ಎಂಬ ಪಾಠ ಓಸ್ಲೊದಲ್ಲಿದೆ.

ನಂತರದ ಎರಡು ವರ್ಷ ಮನೆಗೆಲಸ, ಮಕ್ಕಳು, ಮೈದಾನ ಎಂದು ದಿನ ಹಂಚಿಕೊಂಡರು. ಇಂದಿನ ಅಥ್ಲೀಟ್‌ಗಳಂತೆ ದಿನಕ್ಕೆರಡು ಬಾರಿ, ವಾರವಿಡೀ ಬೆವರು ಹರಿಸುವ ತಾಲೀಮು ಅವರದ್ದಾಗಿರಲಿಲ್ಲ. ಸಿಕ್ಕಿದ ಕೆಲವು ಗಂಟೆಗಳನ್ನು ಚೆನ್ನಾಗಿ ಬಳಸಿದರು, ಉಳಿದ ಹೊತ್ತು ದೇಹಕ್ಕೆ ಬಿಡುವು ಸಿಕ್ಕಿತು. 1948ರ ಜೂನ್‌ನಲ್ಲಿ 100 ಮೀಟರ್ ಓಟವನ್ನು 11.5 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವ ದಾಖಲೆ ಸರಿಗಟ್ಟಿದರು. ಅದೇ ತಿಂಗಳು 80 ಮೀಟರ್ ಹರ್ಡಲ್ಸ್‌ನಲ್ಲಿ 11.0 ಸೆಕೆಂಡುಗಳ ಹೊಸ ವಿಶ್ವ ದಾಖಲೆ ಬರೆದರು. ಇಪ್ಪತ್ತರ ಹರೆಯದಲ್ಲಿ ಕಂಚು ಗೆದ್ದಿದ್ದ ಹುಡುಗಿ, ಎರಡು ಹೆರಿಗೆಗಳ ನಂತರ, ಮೂವತ್ತರಲ್ಲಿ, ಜಗತ್ತಿನ ಅತಿ ವೇಗದ ಮಹಿಳೆಯಾಗಿದ್ದರು.

ಲಂಡನ್‌ನ ಎಂಟು ದಿನ

ಲಂಡನ್‌ನಲ್ಲಿ ಒಬ್ಬ ಮಹಿಳೆ ಮೂರಕ್ಕಿಂತ ಹೆಚ್ಚು ವೈಯಕ್ತಿಕ ಸ್ಪರ್ಧೆಗಳಲ್ಲಿ ಇಳಿಯುವಂತಿರಲಿಲ್ಲ. ಎತ್ತರ ಜಿಗಿತ, ಉದ್ದ ಜಿಗಿತ ಎರಡರಲ್ಲೂ ವಿಶ್ವ ದಾಖಲೆ ತಮ್ಮ ಹೆಸರಿನಲ್ಲೇ ಇದ್ದರೂ ಫ್ಯಾನಿ ಅವನ್ನು ಬಿಟ್ಟರು. ಮೂರು ಓಟ ಮತ್ತು ರಿಲೇ ಆರಿಸಿಕೊಂಡರು. ಓಸ್ಲೊದ ಪಾಠ ಅವರಿಗೆ ನೆನಪಿದ್ದಿರಬೇಕು.

ಮಳೆಗೆ ಕೆಸರಾದ ಟ್ರ್ಯಾಕ್‌ನಲ್ಲಿ 100 ಮೀಟರ್ ಫೈನಲ್ ನಡೆಯಿತು. 11.9 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಮೊದಲ ಚಿನ್ನ ಗೆದ್ದರು. 80 ಮೀಟರ್ ಹರ್ಡಲ್ಸ್ ಅಷ್ಟು ಸುಲಭವಾಗಲಿಲ್ಲ. ಫ್ಯಾನಿ ತಡವಾಗಿ ಹೊರಟರು. ಬ್ರಿಟನ್ನಿನ ಯುವತಿ ಮೊರೀನ್ ಗಾರ್ಡ್‌ನರ್ ಮುಂದಿದ್ದರು. ಇಬ್ಬರೂ ಒಟ್ಟಿಗೆ ಗೆರೆ ದಾಟಿದಂತೆ ಕಂಡಿತು. ಅಷ್ಟರಲ್ಲಿ ಬ್ರಿಟನ್ನಿನ ರಾಷ್ಟ್ರಗೀತೆ ಮೊಳಗಿತು. ತಾನು ಸೋತೆ ಎಂದು ಫ್ಯಾನಿಯ ಎದೆ ಕುಸಿಯಿತು. ಆದರೆ ಆ ಗೀತೆ ನುಡಿಸಿದ್ದು ರಾಜಮನೆತನದವರು ಕ್ರೀಡಾಂಗಣಕ್ಕೆ ಬಂದದ್ದಕ್ಕೆ. ಇಬ್ಬರ ಸಮಯವೂ 11.2 ಸೆಕೆಂಡುಗಳೇ ಆಗಿತ್ತು, ಫೋಟೊ ನೋಡಿ ಫ್ಯಾನಿಗೆ ಚಿನ್ನ ಕೊಟ್ಟರು.

ಮೂರನೆಯ ಸ್ಪರ್ಧೆಯ ಹೊತ್ತಿಗೆ ಅವರ ಮನಸ್ಸು ಸೋತಿತು. 200 ಮೀಟರ್ ಸೆಮಿಫೈನಲ್‌ಗೆ ಮುಂಚೆ ಅತ್ತರು. ಮಕ್ಕಳ ನೆನಪು ಕಾಡುತ್ತಿತ್ತು, ಎಲ್ಲ ಬಿಟ್ಟು ಮನೆಗೆ ಹೋಗಬೇಕು ಎನಿಸಿತ್ತು. ಯಾನ್ ಬಹಳ ಹೊತ್ತು ಕುಳಿತು ಸಮಾಧಾನ ಮಾಡಿದರು. ಅತ್ತು ಹಗುರಾದ ಮೇಲೆ ಫ್ಯಾನಿ ಟ್ರ್ಯಾಕ್‌ಗೆ ಹೋದರು. ಫೈನಲ್‌ನಲ್ಲಿ 24.4 ಸೆಕೆಂಡುಗಳಲ್ಲಿ ಓಡಿ, ಎರಡನೆಯವರಿಗಿಂತ 0.7 ಸೆಕೆಂಡು ಮುಂಚೆ ಗುರಿ ತಲುಪಿದರು. 200 ಮೀಟರ್‌ನಲ್ಲಿ ಅದು ಬಹಳ ದೊಡ್ಡ ಅಂತರ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 200 ಮೀಟರ್ ಓಟ ಇದ್ದದ್ದೇ ಅದು ಮೊದಲ ಸಲ.

ಕೊನೆಯ ದಿನ ರಿಲೇ. ಮಳೆ ಕೋಟು ಕೊಳ್ಳಲು ಪೇಟೆಗೆ ಹೋಗಿದ್ದ ಫ್ಯಾನಿ ಇನ್ನೇನು ಓಟ ಶುರುವಾಗಬೇಕು ಎನ್ನುವಾಗ ಬಂದು ಸೇರಿಕೊಂಡರು. ಕೊನೆಯ ಓಟಗಾರ್ತಿಯಾಗಿ ಬ್ಯಾಟನ್ ಪಡೆದಾಗ ತಂಡ ಹಿಂದಿತ್ತು. ಮುಂದಿದ್ದವರನ್ನೆಲ್ಲ ಹಿಂದಿಕ್ಕಿ ಆಸ್ಟ್ರೇಲಿಯಾವನ್ನು ಗೆರೆಯ ಹತ್ತಿರ ದಾಟಿದರು. ಎಂಟು ದಿನಗಳಲ್ಲಿ 11 ಓಟ, ನಾಲ್ಕು ಚಿನ್ನ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವರನ್ನು ಕುದುರೆಗಾಡಿಯಲ್ಲಿ ಮೆರವಣಿಗೆ ಮಾಡಿದರು. ಇನ್ನಾದರೂ ಇಷ್ಟು ಓಡಬೇಡವೆಂದು ನೆರೆಹೊರೆಯವರು ಪ್ರೀತಿಯಿಂದ ಒಂದು ಸೈಕಲ್ ಉಡುಗೊರೆ ಕೊಟ್ಟರು. ಪತ್ರಿಕೆಗಳು ಹಾರುವ ಗೃಹಿಣಿ ಎಂದು ಹೆಸರಿಟ್ಟವು.

ನಂತರದವರಿಗೆ ತೆರೆದ ದಾರಿ

ಆ ಒಲಿಂಪಿಕ್ಸ್‌ನ 100 ಮೀಟರ್ ಮತ್ತು ಹರ್ಡಲ್ಸ್ ಎರಡರಲ್ಲೂ ಕಂಚು ಗೆದ್ದವರು ಆಸ್ಟ್ರೇಲಿಯಾದ ಶರ್ಲಿ ಸ್ಟ್ರಿಕ್‌ಲ್ಯಾಂಡ್. 1952ರ ಹೆಲ್ಸಿಂಕಿಯಲ್ಲಿ 34ರ ಫ್ಯಾನಿ ಅನಾರೋಗ್ಯದಲ್ಲೇ ಹರ್ಡಲ್ಸ್ ಫೈನಲ್‌ಗೆ ಇಳಿದರು. ಕಾಲು ಹರ್ಡಲ್‌ಗೆ ತಗುಲಿ, ಓಟ ಮುಗಿಸಲಾಗದೆ ನಿಂತರು. ಅಂದು ಚಿನ್ನ ಗೆದ್ದವರು ಅದೇ ಶರ್ಲಿ. ಮುಂದೆ ಶರ್ಲಿಯೂ ತಾಯಿಯಾದರು, 1956ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಹರ್ಡಲ್ಸ್ ಚಿನ್ನ ಗೆದ್ದರು. ಎಂಟು ವರ್ಷಗಳ ಹಿಂದೆ ಅಚ್ಚರಿಯಾಗಿದ್ದ ಸಂಗತಿ ಆಗ ಎರಡನೆಯ ಬಾರಿ ನಡೆದಿತ್ತು.

ಫ್ಯಾನಿ 1955ರಲ್ಲಿ ನಿವೃತ್ತರಾದರು. ನಂತರ ಡಚ್ ತಂಡದ ವ್ಯವಸ್ಥಾಪಕಿಯಾಗಿ ದುಡಿದರು. 1972ರಲ್ಲಿ ಮ್ಯೂನಿಕ್‌ನಲ್ಲಿ ಜೆಸ್ಸಿ ಓವೆನ್ಸ್ ಎದುರಾದಾಗ, ಹಸ್ತಾಕ್ಷರ ಇನ್ನೂ ತನ್ನಲ್ಲಿದೆ ಎಂದು ಪರಿಚಯ ಹೇಳಿಕೊಳ್ಳಲು ಹೋದರು. ಪರಿಚಯವೇ ಬೇಕಾಗಲಿಲ್ಲ. ಓವೆನ್ಸ್‌ಗೆ ಅವರ ಸಾಧನೆಯೆಲ್ಲ ಗೊತ್ತಿತ್ತು. 1999ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅವರನ್ನು ಶತಮಾನದ ಶ್ರೇಷ್ಠ ಮಹಿಳಾ ಅಥ್ಲೀಟ್ ಎಂದು ಆರಿಸಿತು. 2004ರ ಜನವರಿ 25ರಂದು, 85ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಹೆಂಗೆಲೊ ನಗರದಲ್ಲಿ ಅವರ ಹೆಸರಿನ ಕ್ರೀಡಾಂಗಣವಿದೆ, ಅಲ್ಲಿ ಅವರ ಹೆಸರಿನಲ್ಲೇ ಕ್ರೀಡಾಕೂಟ ನಡೆಯುತ್ತದೆ.

ಅವರಿಂದ ಏನು ಕಲಿಯಬೇಕು, ಏನು ಬೇಡ

ಫ್ಯಾನಿಯ ಛಲ ನಮಗೆ ಬೇಕು. ಆದರೆ ಹೆರಿಗೆಯಾದ ಕೆಲವೇ ವಾರಗಳಲ್ಲಿ ಓಟಕ್ಕಿಳಿದ ಅವರ ಅವಸರವನ್ನು ಯಾರೂ ಅನುಕರಿಸಬಾರದು. ಆ ಕಾಲದಲ್ಲಿ ಬಸುರಿ, ಬಾಣಂತಿಯರ ವ್ಯಾಯಾಮದ ಬಗ್ಗೆ ವೈದ್ಯರ ಬಳಿ ಹೇಳಲು ಹೆಚ್ಚೇನೂ ಇರಲಿಲ್ಲ. ಇಂದು ಇದೆ.

ಬೇರೆ ತೊಂದರೆ ಇಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೊದಲಿನಿಂದ ಓಡಿ ಅಭ್ಯಾಸವಿದ್ದವರು ವೈದ್ಯರ ಸಲಹೆ ಪಡೆದು ಓಟ ಮುಂದುವರಿಸಬಹುದು. ಎಂದೂ ಓಡದವರು ಗರ್ಭಿಣಿಯಾದ ಮೇಲೆ ಓಟ ಶುರುಮಾಡಬಾರದು, ಅವರಿಗೆ ನಡಿಗೆ ಸಾಕು. ಈ ಅವಧಿಯಲ್ಲಿ ವೇಗ ಹೆಚ್ಚಿಸುವ ಗುರಿ ಯಾರಿಗೂ ಬೇಡ. ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ಸುಮ್ಮನೆ ಕುಳಿತಾಗಲೂ ಎದೆಬಡಿತ ಏರುತ್ತದೆ. ಹೀಗಾಗಿ ನಾಡಿಯ ಲೆಕ್ಕವನ್ನಾಗಲಿ ಸ್ಟಾಪ್‌ವಾಚನ್ನಾಗಲಿ ನಂಬಿ ಓಡುವಂತಿಲ್ಲ. ಓಡುತ್ತಲೇ ಪಕ್ಕದವರೊಂದಿಗೆ ಮಾತಾಡಲು ಸಾಧ್ಯವಾದರೆ ವೇಗ ಸರಿಯಿದೆ. ಮಾತು ತುಂಡಾದರೆ ನಿಧಾನಿಸಬೇಕು. ಬಿಸಿಲಿಗೆ ಮುಂಚೆ, ನೀರು ಕುಡಿದು, ಸಮತಟ್ಟಾದ ಜಾಗದಲ್ಲಿ ಓಡಬೇಕು. ಹೊಟ್ಟೆ ದೊಡ್ಡದಾದಂತೆ ದೇಹದ ತೂಕ ಮುಂದಕ್ಕೆ ವಾಲುತ್ತದೆ, ಬೀಳುವ ಅಪಾಯ ಹೆಚ್ಚುತ್ತದೆ. ಆಗ ಓಟದಿಂದ ನಡಿಗೆಗೆ ಇಳಿಯುವುದೇ ಜಾಣತನ.

ರಕ್ತಸ್ರಾವ, ನೀರು ಸೋರುವುದು, ತಲೆಸುತ್ತು, ಎದೆನೋವು, ಶ್ರಮಪಡುವ ಮುಂಚೆಯೇ ಏದುಸಿರು, ಮೀನಖಂಡದಲ್ಲಿ ನೋವು ಅಥವಾ ಊತ, ಹೊಟ್ಟೆ ಬಿಗಿದು ಬರುವ ನೋವು ಕಂಡರೆ ಅಲ್ಲೇ ನಿಂತು ವೈದ್ಯರ ಬಳಿ ಹೋಗಬೇಕು. ರಕ್ತದೊತ್ತಡದ ತೊಂದರೆ ಇದ್ದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡವರು, ತೀವ್ರ ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ವ್ಯಾಯಾಮಕ್ಕೇ ಇಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿದೆ. ಮೈದಾನಕ್ಕೆ ಹೋಗುವ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕು ಎನ್ನುವುದು ಇದಕ್ಕೇ.

ಹೆರಿಗೆಯ ನಂತರವೂ ಕ್ರಮವಿದೆ. ಮೊದಲು ನಡಿಗೆ, ಆಮೇಲೆ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಬಲ ತರುವ ವ್ಯಾಯಾಮ. ಓಟಕ್ಕೆ ಕನಿಷ್ಠ 12 ವಾರ ಕಾಯುವುದು ಒಳ್ಳೆಯದು ಎಂದು ತಜ್ಞರು ಹೇಳುತ್ತಾರೆ. ಸಿಸೇರಿಯನ್ ಆದವರು ವೈದ್ಯರು ಹೇಳಿದಷ್ಟು ಕಾಯಬೇಕು. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ವೈದ್ಯರ ನಿಗಾದಲ್ಲಿ ಗರ್ಭಿಣಿಯಾಗಿದ್ದಾಗಲೂ ಓಡುತ್ತಿದ್ದರು. 2007ರ ಜನವರಿಯಲ್ಲಿ ಮಗಳು ಹುಟ್ಟಿದ ಮೇಲೆ ಬೇಗನೆ ತಾಲೀಮಿಗೆ ಮರಳಿ, ಬೆನ್ನುಹುರಿಯ ಬುಡದ ಮೂಳೆಯಲ್ಲಿ ಬಿರುಕು ಮಾಡಿಕೊಂಡರು. ಓಟ ನಿಲ್ಲಿಸಿ ವಾಸಿಯಾಗುವವರೆಗೆ ಕಾದರು. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಅವಸರ ಅವರನ್ನು ಹಿಂದಕ್ಕೆಳೆಯಿತು, ತಾಳ್ಮೆ ಮುಂದಕ್ಕೆ ಒಯ್ದಿತು.

ಉದ್ಯೋಗಾಕಾಂಕ್ಷಿಗಳಿಗೆ ಒಂದು ಮಾತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರು 1.6 ಕಿಲೊಮೀಟರ್ ದೂರವನ್ನು ಎಂಟೂವರೆ ನಿಮಿಷದೊಳಗೆ ಓಡಬೇಕು. ಪರೀಕ್ಷೆಯ ಹೊತ್ತಿಗೆ ಗರ್ಭಿಣಿಯಾಗಿರುವವರನ್ನು ತಾತ್ಕಾಲಿಕವಾಗಿ ಅನರ್ಹರೆಂದು ಪರಿಗಣಿಸಿ, ಹೆರಿಗೆಯ ನಂತರ ಮತ್ತೆ ಪರೀಕ್ಷಿಸುವ ನಿಯಮ ಅಂಥ ಅಧಿಸೂಚನೆಗಳಲ್ಲಿ ಇರುತ್ತದೆ. ಅವಕಾಶ ಕೈತಪ್ಪುವ ಭಯದಿಂದ ಬಸುರಿಯೆಂಬುದನ್ನು ಮುಚ್ಚಿಟ್ಟು ಓಡುವುದು ತಾಯಿಗೂ ಮಗುವಿಗೂ ಅಪಾಯ. ಅರ್ಜಿ ಹಾಕುವ ಮುಂಚೆ ಅಧಿಸೂಚನೆಯ ಆ ಭಾಗವನ್ನು ಒಮ್ಮೆ ಓದಿ. ಬೇಕಾದ ದಾಖಲೆಗಳನ್ನು ಇಟ್ಟುಕೊಳ್ಳಿ.

ಫ್ಯಾನಿಗೆ ಬಂದ ಪತ್ರಗಳು ಒಂದು ಕಡೆಯವು. ಇಂದು ನಮ್ಮ ಸುತ್ತ ಎರಡೂ ಬಗೆಯ ಮಾತುಗಳಿವೆ. ಬಸುರಿ ಕೂತಲ್ಲಿಂದ ಏಳಬಾರದು ಎನ್ನುವವರಿದ್ದಾರೆ, ಏನಾಗುವುದಿಲ್ಲ ಓಡು ಎನ್ನುವವರೂ ಇದ್ದಾರೆ. ಎರಡನ್ನೂ ಪಕ್ಕಕ್ಕಿಟ್ಟು ವೈದ್ಯರ ಮಾತು ಕೇಳಿ, ಸ್ವಂತ ದೇಹದ ಮಾತೂ ಕೇಳಿ. ಎರಡು ಒಲಿಂಪಿಕ್ಸ್ ಕಳೆದುಕೊಂಡ ಫ್ಯಾನಿ ಮೊದಲ ಚಿನ್ನಕ್ಕಾಗಿ ಬರ್ಲಿನ್‌ನಿಂದ ಲಂಡನ್‌ವರೆಗೆ 12 ವರ್ಷ ಕಾದರು. ಆ ಲೆಕ್ಕದಲ್ಲಿ ಒಂದು ಬಾಣಂತನ ದೊಡ್ಡ ಅವಧಿಯೇನಲ್ಲ. ಇವತ್ತು ನಿಧಾನಿಸಿದ ಹೆಜ್ಜೆ ನಾಳೆ ವೇಗವಾಗಿ ಓಡಬಲ್ಲದು.